ಪಟ್ಟಿಯಲ್ಲಿಲ್ಲದ ಕೂಸು

ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನ ಹತ್ತಿರ ಬಂದರೆ ಯಂತ್ರಗಳ ಬಗ್ಗೆಯೇ ಕೇಳುತ್ತಾರೆ. ಯಂತ್ರದ ವಿಷಯ ಕಂಪನಿಯವನು ಬಂದು ಹೇಳಿಕೊಡುತ್ತಾನೆ, ಅದಕ್ಕೆ ನಾನು ಬೇಕಿಲ್ಲ. ನಾನು ಹೇಳಬೇಕಾದದ್ದು ಬೇರೆ ಇದೆ. ಮೂವತ್ತಕ್ಕೂ ಹೆಚ್ಚು ವರ್ಷ ಊರವರ ರಕ್ತ, ಕಫ, ಮೂತ್ರ ನೋಡಿದವಳು ನಾನು. ಕೊನೆಯ ಎರಡು ವರ್ಷ ಕೂಸುಗಳ ಮೂತ್ರಪಿಂಡದ ರೋಗವನ್ನು ಮೊದಲೇ ಪತ್ತೆಹಚ್ಚುವ ಸಮೀಕ್ಷೆಗೆ ಹಾಕಿದ್ದರು, ಹಸುಗೂಸುಗಳ ಮೂತ್ರ ಬಿಟ್ಟು ಹೆಚ್ಚೇನೂ ನೋಡಲಿಲ್ಲ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಹಳ್ಳಿಗಳಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ‘ಉಚ್ಚಿ ಬಾಯಾರು ಬಂದ್ರು’ ಎಂದರೆ ಇಡೀ ಓಣಿಗೆ ತಿಳಿಯುತ್ತಿತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ನಾನೇ ಬಾಗಿಲಲ್ಲಿ ನಿಂತು ಹಾಗೆ ಹೇಳಿಕೊಳ್ಳತೊಡಗಿದೆ.

ನಾನು ಸೇರಿದಾಗ ಮೂತ್ರ ಪರೀಕ್ಷೆ ಎಂದರೆ ಒಂದು ಗಾಜಿನ ನಳಿಕೆ, ಒಂದು ಸ್ಪಿರಿಟ್ ದೀಪ. ಕಾಯಿಸಿದಾಗ ಮೊಟ್ಟೆಯ ಬಿಳಿಯ ಹಾಗೆ ಹೆಪ್ಪುಗಟ್ಟಿದರೆ ಅಲ್ಬುಮಿನ್ ಇದೆ ಎಂದು ಬರೆಯುವುದು, ಮುಗಿಯಿತು. ಆಮೇಲೆ ಬಣ್ಣ ಬದಲಿಸುವ ಪಟ್ಟಿಗಳು ಬಂದವು. ಕೊನೆಗೆ ಬಂದದ್ದು ತೊಂಬತ್ತಾರು ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಾಗ ಅದು ಒಂದು ಪ್ರೋಟೀನನ್ನು ಮೂತ್ರಕ್ಕೆ ಬಿಡುತ್ತದೆ. ಎಷ್ಟೋ ಸಲ ರಕ್ತದಲ್ಲಿ ಏನೂ ಕಾಣುವ ಮೊದಲೇ ಬಿಡುತ್ತದೆ. ಆ ಪ್ರೋಟೀನು ಹೆಚ್ಚಿದ್ದಷ್ಟೂ ಗುಳಿ ಕಡು ಹಳದಿಯಾಗುತ್ತದೆ. ಅದರ ಜೊತೆಗೆ ಕ್ರಿಯಾಟಿನಿನ್ ಎಂಬ ಇನ್ನೊಂದು ಅಂಕಿ. ಮೂತ್ರ ಎಷ್ಟು ತೆಳು, ಎಷ್ಟು ಗಟ್ಟಿ ಎಂಬುದು ಅದರಿಂದ ತಿಳಿಯುತ್ತದೆ. ಮೂತ್ರಪಿಂಡ ಕೆಟ್ಟಾಗ ಅದೇ ಕ್ರಿಯಾಟಿನಿನ್ ರಕ್ತದಲ್ಲಿ ಏರುತ್ತದೆ. ಈ ಎರಡು ಅಂಕಿ ನೆನಪಿದ್ದರೆ ಮುಂದಿನದು ಅರ್ಥವಾಗುತ್ತದೆ.

ಅಂಕಿಗೆ ಜೀವವಿಲ್ಲ ಎನ್ನುವವರಿಗೆ ಹಿರೇಕೆರೂರಿನ ಕಡೆಯ ಒಂದು ಸಂಗತಿ ಹೇಳುತ್ತೇನೆ. ಹುಟ್ಟಿದ ಮೊದಲ ಒಂದೆರಡು ದಿನ ಕೂಸಿನ ರಕ್ತದಲ್ಲಿರುವ ಕ್ರಿಯಾಟಿನಿನ್ ಕೂಸಿನದಲ್ಲ, ತಾಯಿಯದು. ಒಬ್ಬಳು ಹೆಣ್ಣುಮಗಳು ಮೂತ್ರಪಿಂಡ ಕೆಟ್ಟು ಹೆರಿಗೆಯಲ್ಲೇ ತೀರಿಕೊಂಡಳು. ಮರುದಿನ ಅವಳ ಕೂಸಿನ ರಕ್ತ ನನ್ನ ಮುಂದೆ ಬಂತು. ಹಿಂದಿನ ದಿನ ನಾನೇ ಬರೆದಿದ್ದ ಅವಳ ಅಂಕಿಯೇ ಅದರಲ್ಲಿತ್ತು. ಅತ್ತ ಅವಳ ಮಣ್ಣು ಮಾಡಿ ಬಂದಿದ್ದರು, ಇತ್ತ ಅವಳು ಕೂಸಿನೊಳಗೆ ಕುಳಿತಿದ್ದಳು. ಮುಂದಿನ ದಿನಗಳಲ್ಲಿ ಅಂಕಿ ಸ್ವಲ್ಪಸ್ವಲ್ಪವೇ ಇಳಿಯಿತು. ಕೂಸಿನ ಮೂತ್ರಪಿಂಡ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಡಾಕ್ಟರು ಸಂತೋಷಪಟ್ಟರು. ನನಗೆ ಮಾತ್ರ ಅವಳು ಈಗ ನಿಜವಾಗಿ ಹೊರಟಳು ಎನ್ನಿಸಿತು.

ಹಸುಗೂಸಿನ ಮೂತ್ರ ಹಿಡಿಯುವುದು ಸುಲಭವಲ್ಲ. ಚೀಲ ಅಂಟಿಸಿದರೆ ಚರ್ಮ ಕೆಂಪಾಗುತ್ತದೆ. ನಮ್ಮ ಪದ್ಧತಿ ಹತ್ತಿಯದು. ಶುದ್ಧ ಹತ್ತಿಯ ಉಂಡೆಯನ್ನು ಕೂಸಿನ ಅರಿವೆಯೊಳಗೆ ಇಟ್ಟು, ಒದ್ದೆಯಾದ ಮೇಲೆ ತೆಗೆದು ಸಿರಿಂಜಿನಲ್ಲಿ ಹಿಂಡಿದರೆ ಹತ್ತಿಪ್ಪತ್ತು ಹನಿ ಸಿಗುತ್ತದೆ. ಆಸ್ಪತ್ರೆಯಲ್ಲಾದರೆ ನಾವೇ ಇಡುತ್ತಿದ್ದೆವು. ಮನೆಯಲ್ಲಿ ಬಾಣಂತಿ ಕೋಣೆಗೆ ಹೊರಗಿನವರು ಹೋಗುವಂತಿಲ್ಲ. ಬಾಗಿಲಿಗೆ ಕಂಬಳಿ ಕಟ್ಟಿರುತ್ತಾರೆ, ಒಳಗೆ ಓಮಕಾಳಿನ ಹೊಗೆ, ಮಂಚದ ಕೆಳಗೆ ಕುಡುಗೋಲು. ನಾವು ಹತ್ತಿಯ ಪೊಟ್ಟಣ, ಒಂದು ಬಾಟ್ಲಿ ಕೊಟ್ಟು ಕಟ್ಟೆಯ ಮೇಲೆ ಕೂರುವುದು. ತಾಸು ಕಳೆದ ಮೇಲೆ ಕಂಬಳಿಯ ಸಂದಿಯಿಂದ ಒಂದು ಕೈ ಒದ್ದೆ ಹತ್ತಿ ತುಂಬಿದ ಬಾಟ್ಲಿ ಚಾಚುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ಎರಡು ವರ್ಷ ನಾನು ಕೈಗಳನ್ನು ನಂಬಿ ಕೆಲಸ ಮಾಡಿದೆ.

ಆ ಕೈಗಳು ಏನೇನು ಕೊಟ್ಟವು ಎಂಬುದೇ ಒಂದು ಪುರಾಣ. ಶಿಗ್ಗಾಂವದ ಒಂದು ಮನೆಯಿಂದ ಬಂದ ಮಾದರಿಯಲ್ಲಿ ಸಕ್ಕರೆ ತುಂಬಿತ್ತು. ನೋಡಿದರೆ ಅದು ಅಜ್ಜಿಯದು. ಕೂಸಿಗಿಂತ ಆ ಅಜ್ಜಿಗೇ ನಮ್ಮಿಂದ ಉಪಕಾರವಾಯಿತು, ಈಗಲೂ ಮಾತ್ರೆ ತಿನ್ನುತ್ತಾಳೆ. ಸವಣೂರಿನಲ್ಲಿ ಎಲೆಬಳ್ಳಿ ತೋಟದವರ ಮನೆಯಿಂದ ಬಂದದ್ದರಲ್ಲಿ ಕ್ರಿಯಾಟಿನಿನ್ ಸೊನ್ನೆ. ಉಸಿರಾಡುವ ಯಾರ ಮೂತ್ರವೂ ಹಾಗಿರುವುದಿಲ್ಲ. ನಾನು ಹೆದರಿ ಆ ಮನೆಗೆ ಓಡಿದರೆ ಕೂಸು ಹಾಲು ಕುಡಿದು ಮಲಗಿತ್ತು. ಹತ್ತಿಗೆ ಹಾಕಿದ್ದು ತೋಟದ ಬಾವಿಯ ನೀರು. ಕೂದಲು, ಉಗುರು, ಹಳೆ ಅರಿವೆ ಕೊಡದ ಹಾಗೆ ಕೂಸಿನ ಉಚ್ಚೆಯನ್ನೂ ಹೊರಗಿನವರ ಕೈಗೆ ಕೊಡಬಾರದು, ಮಾಟಕ್ಕೆ ದಾರಿಯಾಗುತ್ತದೆ ಎಂದು ಆ ಮನೆಯ ಹಿರಿಯಳು ತಿಳಿಸಿ ಹೇಳಿದಳು. “ಬಾಟ್ಲಿ ಮುಚ್ಚಳ ನೀವು ಬಿಗಿಯಾಗಿ ತಿರುವಿದ್ರ, ಇಲ್ಲಿ ಕೂಸಿನ ಉಚ್ಚಿನೂ ಕಟ್ಟತೈತ್ರಿ.” ಅಂದಿನಿಂದ ನಾನು ಮನೆಯವರ ಎದುರು ಮುಚ್ಚಳ ಬಿಗಿಯುತ್ತಿರಲಿಲ್ಲ. ಊರ ಗಡಿ ದಾಟಿದ ಮೇಲೆ ಜೀಪಿನಲ್ಲಿ ಬಿಗಿಯುತ್ತಿದ್ದೆ. ಯಾವ ಪುಸ್ತಕದಲ್ಲೂ ಇಲ್ಲದ ಈ ಪದ್ಧತಿಯನ್ನು ನೀವೂ ಕಲಿತುಕೊಳ್ಳಿ.

ಇನ್ನು ನಾನು ಹೇಳಬೇಕೆಂದು ಕುಳಿತದ್ದು. ಹಾನಗಲ್ ತಾಲೂಕಿನಲ್ಲಿ, ಆಡೂರಿನಿಂದ ಸ್ವಲ್ಪ ಆಚೆಗಿನ ಒಂದು ಹಳ್ಳಿ. ಹೆಸರು ಬರೆಯುವುದಿಲ್ಲ. ಅಲ್ಲಿ ಹತ್ತಿ ಹಂಚಿ ಬಾಟ್ಲಿ ತರುತ್ತಿದ್ದವಳು ಅಕ್ಕಿಆಲೂರಿನ ಶಾಂತವ್ವ. ಚುರುಕು ಹೆಂಗಸು, ಬಸ್ಸು ತಪ್ಪಿದರೆ ಮೂರು ಮೈಲಿ ನಡೆದಾದರೂ ಮಾದರಿ ತಲುಪಿಸುತ್ತಿದ್ದಳು. ಬಂದ ಮಾದರಿಗಳನ್ನು ಫ್ರೀಜರಿನಲ್ಲಿಟ್ಟು ಹದಿನೈದು ದಿನಕ್ಕೊಮ್ಮೆ ಒಟ್ಟಿಗೆ ಪರೀಕ್ಷೆ ಮಾಡುತ್ತಿದ್ದೆ. ಒಂದು ಸಲ ತಟ್ಟೆಯಲ್ಲಿ ಮೂರು ಗುಳಿಗಳು ಕಡು ಹಳದಿಯಾದವು. ಮೂರೂ ಆ ಹಳ್ಳಿಯ ಒಂದೇ ಓಣಿಯ ಕೂಸುಗಳವು. ಪ್ರೋಟೀನೂ ಒಂದೇ, ಕ್ರಿಯಾಟಿನಿನ್ನೂ ಒಂದೇ, ದಶಮಾಂಶದವರೆಗೆ ಒಂದೇ.

ಒಂದೇ ಮಾದರಿಯನ್ನು ಮೂರು ಕಡೆ ಹಾಕಿಬಿಟ್ಟೆ ಎಂದುಕೊಂಡೆ. ನಿವೃತ್ತಿಗೆ ಏಳು ತಿಂಗಳಿತ್ತು. ನಮ್ಮ ಕೆಲಸದ ಮುಖ್ಯಸ್ಥರಾಗಿದ್ದ ಡಾಕ್ಟರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಕಣ್ಣು ಮಂಜಾದವರು ಮನೆಗೆ ಹೋಗಬೇಕು ಎಂದು ಎಲ್ಲರೆದುರು ಅನ್ನುವ ಮನುಷ್ಯ. ಅವರ ಬಾಯಿಗೆ ಸಿಗುವುದು ಬೇಡವೆಂದು ಮೂರೂ ಹೆಸರಿನ ಮುಂದೆ ‘ಮಾದರಿ ಕೆಟ್ಟಿದೆ, ಮತ್ತೊಮ್ಮೆ ತರುವುದು’ ಎಂದು ಬರೆದು ಹಾಳೆ ಮಡಚಿಟ್ಟೆ. ಉಳಿದಿದ್ದ ಹನಿಗಳನ್ನು ಇನ್ನೊಮ್ಮೆ ನೋಡಬಹುದಿತ್ತು. ನೋಡಲಿಲ್ಲ, ಚೆಲ್ಲಿದೆ. ನನ್ನ ಇಡೀ ನೌಕರಿಯಲ್ಲಿ ನಾನು ನಾಚುವ ಕೆಲಸ ಅದು.

ಹದಿನೈದು ದಿನದ ಮೇಲೆ ಮತ್ತೆ ತಟ್ಟೆ ಇಟ್ಟೆ. ಈ ಸಲ ಐದು ಗುಳಿ. ಹಿಂದಿನ ಮೂರು ಹೆಸರು, ಅದೇ ಓಣಿಯ ಹೊಸ ಎರಡು ಹೆಸರು. ಮೊದಲಿಗಿಂತ ಕಡುವಾದ ಹಳದಿ, ಮತ್ತೆ ಐದಕ್ಕೂ ಒಂದೇ ಅಂಕಿ. ಚೀಟಿಗಳನ್ನು ನೋಡಿದೆ, ನಳಿಕೆಗಳನ್ನು ನೋಡಿದೆ, ಕೈ ತೊಳೆದು ಮೊದಲಿನಿಂದ ಮಾಡಿದೆ. ಅದೇ ಬಂತು. ಒಂದೇ ಕೂಸಿನ ಬೆಳಗಿನ ಮೂತ್ರ ಮಧ್ಯಾಹ್ನದ ಮೂತ್ರಕ್ಕೆ ಹೊಂದುವುದಿಲ್ಲ. ಅವಳಿ ಮಕ್ಕಳದೂ ಹೊಂದುವುದಿಲ್ಲ. ಇಲ್ಲಿ ಐದು ಮನೆಯ ಐದು ಕೂಸುಗಳು ಒಂದೇ ದನಿಯಲ್ಲಿ ಏನನ್ನೋ ಹೇಳುತ್ತಿದ್ದವು. ನಡುಹಗಲು, ಹೊರಗೆ ಅಕ್ಕಿ ಗಿರಣಿಯ ಸದ್ದು, ಆದರೂ ನಾನು ಎದ್ದು ಲೈಟು ಹಾಕಿದೆ.

ಸಾಹೇಬರ ಬಳಿ ಹೋಗಿ ಹಿಂದಿನ ಸಲದ್ದನ್ನೂ ಸೇರಿಸಿ ಹೇಳಿಬಿಟ್ಟೆ. ಅವರು ಬೈಯಲಿಲ್ಲ, ಅದು ಇನ್ನೂ ಹೆದರಿಸಿತು. ಮರುದಿನ ಅಂಗನವಾಡಿಯಲ್ಲಿ ಐದೂ ಕೂಸುಗಳನ್ನು ಬಿಚ್ಚಿ ನೋಡಿದರು, ಹಾನಗಲ್ಲಿಗೆ ಕರೆಸಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಎರಡು ಹೆಣ್ಣು, ಮೂರು ಗಂಡು. ಐದೂ ಗುಂಡಗುಂಡಗೆ, ಒಂದಕ್ಕೂ ಏನೂ ಇಲ್ಲ. ನಮ್ಮೆದುರೇ ಅವು ಹೊಯ್ದದ್ದನ್ನು ನಾನೇ ಹಿಡಿದೆ. ಆ ಗುಳಿಗಳಲ್ಲಿ ಹಳದಿ ಇತ್ತೋ ಇಲ್ಲವೋ ಎನ್ನುವಷ್ಟು ತೆಳುವಾಗಿತ್ತು. ಸಾಹೇಬರು ಫಲಿತಾಂಶದ ಹಾಳೆಯನ್ನು ಹಿಂದಿನ ಹಾಳೆಯ ಪಕ್ಕದಲ್ಲಿಟ್ಟರು.

“ಬಾಯಾರ, ಜಡ್ಡಿನ ಉಚ್ಚಿ ಐತಿ. ಅದನ್ನ ಹೊಯ್ದ ಕೂಸಿಲ್ಲ.”

ಎಲ್ಲೋ ಒಂದು ಕೂಸಿನ ಮೂತ್ರಪಿಂಡ ಹದಿನೈದೇ ದಿನದಲ್ಲಿ ಇಷ್ಟು ಹಾಳಾಗಿದೆ, ಬಹುಶಃ ಮೂತ್ರ ಒಳಗೇ ಕಟ್ಟುತ್ತಿದೆ, ಹೀಗೇ ನಡೆದರೆ ಅದಕ್ಕೆ ಹೆಚ್ಚು ದಿನವಿಲ್ಲ ಎಂದೂ ಅವರೇ ಹೇಳಿದರು. ನಮ್ಮ ಪಟ್ಟಿಯಲ್ಲಿ ಆ ಓಣಿಗೆ ಐದೇ ಹೆಸರು. ಸುತ್ತಲಿನ ಸರಕಾರಿ ಆಸ್ಪತ್ರೆಗಳ ಹೆರಿಗೆ ಪುಸ್ತಕಗಳಲ್ಲೂ ಆರನೆಯದು ಇರಲಿಲ್ಲ.

ಮರುದಿನ ಮಧ್ಯಾಹ್ನ ಶಾಂತವ್ವನನ್ನು ಕರೆದುಕೊಂಡು ಓಣಿಯಲ್ಲಿ ನಡೆದೆ. ಪ್ರತಿ ಮನೆಯಲ್ಲೂ ಹತ್ತಿ ನಾವೇ ಇಟ್ಟಿದ್ದು, ನಮ್ಮ ಕೂಸಿನದೇ ಎಂಬ ಮಾತು. ಹೇಳುವಾಗ ಯಾರೂ ನನ್ನ ಮುಖ ನೋಡಲಿಲ್ಲ, ಎಲ್ಲರ ಕಣ್ಣೂ ಒಮ್ಮೆ ಓಣಿಯ ತುದಿಗೆ ಹೋಗಿ ಬರುತ್ತಿತ್ತು. ತುದಿಯಲ್ಲಿ ಒಂದು ಹಂಚಿನ ಮನೆ. ಹಿತ್ತಲಿನ ಹಗ್ಗದ ಮೇಲೆ ಹಳೇ ಧೋತರ ಹರಿದು ಮಾಡಿದ ತುಂಡುಗಳು ಸಾಲಾಗಿ ಒಣಗುತ್ತಿದ್ದವು. ನಲವತ್ತಾದರೂ ಇದ್ದವು. ಆ ಮನೆಯಲ್ಲಿ ಕೂಸಿದೆಯೇ ಎಂದು ಕೇಳಿದೆ. ಶಾಂತವ್ವ ನನ್ನ ಸೆರಗು ಹಿಡಿದು ಬೇವಿನ ಮರದ ಮರೆಗೆ ಎಳೆದಳು.

ಆ ಮನೆಯ ಸೊಸೆ ರೇಣವ್ವನ ಎರಡು ಗಂಡುಮಕ್ಕಳು ತೊಟ್ಟಿಲಲ್ಲೇ ಹೋಗಿದ್ದವಂತೆ. ಹಾಗೆ ಹೋದಾಗ ಮೂರನೆಯದನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಳ್ಳುವುದು, ತಿಪ್ಪಣ್ಣನೆಂದು ಹೆಸರಿಡುವುದು ನಮ್ಮಲ್ಲಿ ಇದೆ. ಸಾವಿಗೆ ಅದು ಕಸದಂತೆ ಕಾಣಲಿ ಎಂದು. ಈ ಮನೆಯವರು ಅದಕ್ಕೂ ಮುಂದೆ ಹೋಗಿದ್ದರು. ಮುಂಡಗೋಡದ ಕಡೆ ತವರಿನಲ್ಲಿ ಗಂಡುಕೂಸನ್ನು ಹೆತ್ತು, ಹತ್ತೇ ದಿನಕ್ಕೆ ಸೀರೆಯ ಗಂಟಿನಲ್ಲಿ ತಂದು, ಕೂಸು ಹುಟ್ಟಿಯೇ ಇಲ್ಲ ಎಂದಿದ್ದರು. ಹೆಸರಿಲ್ಲ, ತೊಟ್ಟಿಲಿಲ್ಲ. ಇಡೀ ಓಣಿ ಹೂಂ ಎಂದಿತ್ತು. ಇದೆಲ್ಲ ಗೊತ್ತಿದ್ದೂ ನನಗೇಕೆ ಹೇಳಲಿಲ್ಲ ಎಂದು ಗದರಿದೆ. ಶಾಂತವ್ವ ಸುತ್ತ ನೋಡಿ ದನಿ ಇಳಿಸಿದಳು.

“ಬಾಯಿಬಿಟ್ಟು ಹೇಳಿದ್ರ ಅದಕ್ಕ ಕೇಳಸತೈತ್ರಿ.”

ಅದಕ್ಕೆ ಎಂದರೆ ಯಾವುದಕ್ಕೆ ಎಂದು ನಾನು ಕೇಳಲಿಲ್ಲ. ಓದಿದವಳು, ನಂಬದವಳು, ಆದರೂ ಕೇಳಲಿಲ್ಲ.

ಕಟ್ಟೆಯ ಮೇಲೆ ಅತ್ತೆ ಗಂಗವ್ವ ಅಕ್ಕಿ ಆರಿಸುತ್ತಿದ್ದಳು. ಕುಂತ್ರಿ ಎಂದಳು, ನೀರು ಕೊಟ್ಟಳು. ನಾನು ಕೇಳುವ ಮೊದಲೇ ನಮ್ಮ ಮನೆಯಲ್ಲಿ ಕೂಸಿಲ್ಲ ಎಂದಳು. ಆ ಮಾತು ಮುಗಿಯುವುದಕ್ಕೂ ಒಳಗಿನಿಂದ ಅಳು ಕೇಳುವುದಕ್ಕೂ ಸರಿಹೋಯಿತು. ಸಣ್ಣ, ಸೋತ ಅಳು. ಗಂಗವ್ವನ ಬೆರಳು ಅಕ್ಕಿಯಲ್ಲಿ ನಿಲ್ಲಲಿಲ್ಲ.

“ಬೆಕ್ಕರಿ,” ಎಂದಳು.

ಜಗಳಕ್ಕೆ ನಿಂತರೆ ಬಾಗಿಲು ಹಾಕಿಕೊಳ್ಳುತ್ತಾಳೆ, ಒಳಗಿನದು ಬದುಕುವುದಿಲ್ಲ. ನಾನೂ ಅಕ್ಕಿಯ ಮುಂದೆ ಕುಳಿತು ಕಲ್ಲು ಆರಿಸತೊಡಗಿದೆ.

“ಹಂಗಾರ ನಿಮ್ಮ ಬೆಕ್ಕಿಗೆ ಜಡ್ಡೈತಿ, ಗಂಗವ್ವ,” ಎಂದೆ. “ಅದರ ಉಚ್ಚಿ ಒಳಗ ಕಟ್ಟಾಕತ್ತೈತಿ. ಇವತ್ತು ಹುಬ್ಬಳ್ಳಿಗೆ ಒಯ್ಯಲಿಲ್ಲಂದ್ರ ಉಳಿಯೂದಿಲ್ಲ.”

ಗಂಗವ್ವ ಮೊರದ ಅಕ್ಕಿಯನ್ನು ಒಮ್ಮೆ ಕೇರಿದಳು. ಆಮೇಲೆ ಅವಳು, ಕಟ್ಟಿಲ್ಲ, ಅದು ಯಾವಾಗಲೂ ತೊಟ್ಟಿಕ್ಕುತ್ತಲೇ ಇರುತ್ತದೆ ಎಂದಳು. ಹತ್ತಿ ತಂದವರೆಲ್ಲರ ಉಂಡೆಗಳನ್ನು ಒಟ್ಟಿಗೇ ಇಟ್ಟರೂ ಎರಡು ನಿಮಿಷದಲ್ಲಿ ಒದ್ದೆ ಮಾಡಿಕೊಟ್ಟಿದೆಯಂತೆ. ತಮ್ಮ ಕೂಸಿನ ಉಚ್ಚೆ ಮನೆಯ ಹೊರಗೆ ಹೋಗಬಾರದೆಂದು ಐದು ಮನೆಯವರೂ ಇಲ್ಲಿಗೆ ಬರುತ್ತಿದ್ದರು. ಇದರದನ್ನು ಮಾತ್ರ ಕೊಡಬಹುದೇ ಎಂದು ಕೇಳಿದೆ.

“ಯಾರದೂ ಅಲ್ಲದ್ದಕ್ಕ ಯಾರು ಮಾಟ ಮಾಡ್ತಾರ್ರಿ?”

ಒಮ್ಮೆಯಾದರೂ ಧಾರೆಯಾಗಿ ಹೊಯ್ದದ್ದು ನೋಡಿದ್ದೀರಾ ಎಂದೆ. ಗಂಡುಕೂಸು ಮೇಲಕ್ಕೆ ಹಾರಿಸಿ ಹೊಯ್ಯುವುದನ್ನು ನೋಡದ ಅಜ್ಜಿಯರಿಲ್ಲ. ಗಂಗವ್ವನ ಕೈ ಆಗ ನಿಂತಿತು. ಇಲ್ಲ ಎಂದು ತಲೆಯಾಡಿಸಿದಳು. ಮೂತ್ರದ ದಾರಿಯಲ್ಲಿ ಹುಟ್ಟಿನಿಂದಲೇ ಒಂದು ಪೊರೆ ಅಡ್ಡವಿದ್ದರೆ ಹಾಗಾಗುತ್ತದೆ. ಮೂತ್ರಚೀಲ ತುಂಬಿ ತುಳುಕಿದ್ದಷ್ಟೇ ಹೊರಗೆ ಬರುತ್ತದೆ, ಉಳಿದದ್ದು ಹಿಂದಕ್ಕೆ ಒತ್ತಿ ಮೂತ್ರಪಿಂಡವನ್ನು ಕೊಲ್ಲುತ್ತದೆ. ಪೊರೆ ಕತ್ತರಿಸಬಹುದು, ಬದುಕಿಸಬಹುದು. ಇದನ್ನೆಲ್ಲ ಬೆಕ್ಕಿನ ಹೆಸರಿನಲ್ಲೇ ಹೇಳಿದೆ. ಕಂಬಳಿಯ ಹಿಂದೆ ಯಾರೋ ಉಸಿರು ಬಿಗಿಹಿಡಿದು ಕೇಳುತ್ತಿದ್ದರು, ಕಂಬಳಿಯ ಕೆಳಗೆ ಎರಡು ಪಾದ ಕಾಣುತ್ತಿದ್ದವು.

ತಾನು ಕಳಿಸಲಾರೆ, ಕಳಿಸಿದರೆ ತಮ್ಮದು ಎಂದು ಒಪ್ಪಿದಂತೆ ಎಂದಳು ಗಂಗವ್ವ. ಬೇಕಾದರೆ ನೀವು ಕೊಂಡುಕೊಂಡು ಹೋಗಿ ಎಂದಳು. ಸಾವಿನ ಕಣ್ಣು ತಪ್ಪಿಸಲು ಒಂದು ಸೇರು ತೌಡಿಗೆ ಕೂಸು ಮಾರುವುದು ಹಳೆಯ ಶಾಸ್ತ್ರ. ಶಾಂತವ್ವ ಪಕ್ಕದ ಮನೆಯಿಂದ ತೌಡು ತಂದಳು, ನಾನು ಗಂಗವ್ವನ ಉಡಿಗೆ ಸುರಿದೆ. ಕಂಬಳಿ ಸರಿಯಿತು. ಆ ದಿನವೇ ಮೊದಲು ನಾನು ಒಂದು ಕೈಯ ಹಿಂದಿನ ಮುಖ ನೋಡಿದ್ದು. ರೇಣವ್ವ, ಇಪ್ಪತ್ತೆರಡರ ಹುಡುಗಿ, ಕಣ್ಣು ಒಣಗಿದ್ದವು. ಕೂಸಿನ ಹೊಟ್ಟೆ ತಂಬಿಗೆಯಷ್ಟು ಗಟ್ಟಿ. ಹಾಲು ಕೊಡುವುದಕ್ಕೆ ಯಾರಾದರೂ ಬೇಕಲ್ಲ ಎಂದು ಅವಳು ಜೀಪು ಹತ್ತಿದಳು. ಮೂರು ತಾಸಿನ ದಾರಿ, ಒಮ್ಮೆಯೂ ಅದಕ್ಕೆ ಮುತ್ತಿಡಲಿಲ್ಲ. ಕಾಲ ಹೆಬ್ಬೆರಳನ್ನು ಮಾತ್ರ ಬಿಡದೆ ಹಿಡಿದಿದ್ದಳು.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ನಳಿಕೆ ಹಾಕಿದ ಕೂಡಲೇ ಕಟ್ಟಿದ್ದೆಲ್ಲ ಹರಿಯಿತು. ಪೊರೆ ಕತ್ತರಿಸಲು ತಾಯಿಯ ಸಹಿ ಬೇಕು. ತಾಯಿ ಯಾರು ಎಂದು ನರ್ಸ್ ಕೇಳಿದರೆ ರೇಣವ್ವ ನನ್ನ ಕಡೆ ಬೆರಳು ತೋರಿಸಿದಳು. ನನ್ನ ಸಹಿ ನಡೆಯುವುದಿಲ್ಲ. ಡಾಕ್ಟರು ಎರಡು ಸಲ ಬಿಡಿಸಿ ಹೇಳಿದರು, ಅವಳು ಪ್ರತಿ ಮಾತನ್ನೂ ಕೇಳಿ ತಲೆಯಾಡಿಸಿದಳು. ಹಾಳೆ ಮುಂದಿಟ್ಟಾಗ ಮಾತ್ರ ಕೈ ಬರಲಿಲ್ಲ. ಹತ್ತನೆಯ ಇಯತ್ತೆ ಓದಿದವಳು, ‘ತಾಯಿ’ ಎಂಬ ಅಚ್ಚಿನ ಅಕ್ಷರ ಕಾಣುತ್ತಿತ್ತು. ನಾನು ಆ ಅಕ್ಷರವನ್ನು ಹೆಬ್ಬೆಟ್ಟಿನಿಂದ ಮುಚ್ಚಿ ಹಾಳೆ ಹಿಡಿದೆ. ಅವಳು ಸಹಿ ಮಾಡಿದಳು. ಕೂಸಿನ ಹೆಸರಿನ ಜಾಗ ಖಾಲಿಯೇ ಉಳಿಯಿತು.

ಕೂಸು ಉಳಿಯಿತು. ಬಲಗಡೆಯ ಮೂತ್ರಪಿಂಡ ಚೇತರಿಸಿತು. ಎಡಗಡೆಯದು ಸತ್ತಿತ್ತು.

ಎಲ್ಲರೂ ನನ್ನನ್ನು ಹೊಗಳಿದರು, ಸಾಹೇಬರೂ ಹೊಗಳಿದರು. ನಿವೃತ್ತಿಯ ದಿನ ಶಾಲು ಹೊದಿಸಿ ಇದೇ ಕತೆ ಹೇಳಿದರು. ಮೊದಲ ತಟ್ಟೆಯ ಸುದ್ದಿ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ಹೊಟ್ಟೆಯಲ್ಲಿ ಉಳಿಯಿತು. ಕೂಸಿಗೆ ವರ್ಷವಾದಾಗ ತಪಾಸಣೆಗೆ ತರುತ್ತಾರೆಂದು ತಿಳಿದು ನಾನೂ ಹುಬ್ಬಳ್ಳಿಗೆ ಹೋದೆ. ಹೇಳಲೇಬೇಕು ಎಂದೇ ಹೋದೆ. ಆಸ್ಪತ್ರೆಯ ಪಡಸಾಲೆಯಲ್ಲಿ ರೇಣವ್ವ ಅವನನ್ನು ಬಗಲಲ್ಲಿ ಎತ್ತಿಕೊಂಡು ನಿಂತಿದ್ದಳು.

“ತಂಗಿ, ಹದಿನೈದು ದಿನ ಮೊದಲ ನನಗ ಕಂಡಿತ್ತು,” ಎಂದೆ. “ನನ್ನ ಕೈತಪ್ಪು ಅಂತ ತಿಳಕೊಂಡು ಮುಚ್ಚಿಟ್ಟೆ. ಆವಾಗ ತಂದಿದ್ರ ಎಡಗಡೆದೂ ಉಳೀತಿತ್ತೇನೋ.”

ಅವಳು ಅವನನ್ನು ಇನ್ನೊಂದು ಬಗಲಿಗೆ ಬದಲಿಸಿಕೊಂಡಳು. ಬೈಯಲಿ ಎಂದು ಕಾಯುತ್ತಿದ್ದೆ.

“ಇದನ್ನ ನಂಗ್ಯಾಕ ಹೇಳಾಕತ್ತೀರಿ ಬಾಯಾರ? ನಂಗ ಕೂಸಿಲ್ರಿ.”

ಸಿಟ್ಟಿನಿಂದ ಆಡಿದ ಮಾತಲ್ಲ ಅದು. ಒಂದು ವರ್ಷದಿಂದ ದಿನಾ ಹೇಳಿಕೊಂಡು ಬಂದದ್ದನ್ನೇ ಹೇಳಿದಳು. ನನ್ನನ್ನು ಕ್ಷಮಿಸಬೇಕಾದವಳು ಆ ಕೂಸಿನ ತಾಯಿ, ಆ ಪಡಸಾಲೆಯಲ್ಲಿ ಅಂಥವರು ಯಾರೂ ಇರಲಿಲ್ಲ. ನಾನು ತಿರುಗಿ ಹೊರಟೆ. ಅವಳು ಹಿಂದಿನಿಂದ ನನ್ನ ಸೆರಗು ಹಿಡಿದಳು.

“ನಿಮ್ಮ ಕೂಸಿಗೆ ಒಂದ ಕಿಡ್ನಿ ಸಾಕಾಗತೈತೇನ್ರಿ?”

ಇಷ್ಟು ವರ್ಷ ಯಾರು ಏನು ಕೇಳಿದರೂ ಅಂಕಿ ಬರೆದುಕೊಟ್ಟು ಡಾಕ್ಟರನ್ನು ಕೇಳಿ ಎಂದವಳು ನಾನು. ಅಂಕಿ ಹೇಳದ ಮಾತನ್ನು ಎಂದೂ ಆಡಿದವಳಲ್ಲ. ಮುಂದೆ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

“ಸಾಕಾಗತೈತಿ,” ಎಂದೆ. “ನನ್ನ ಕೂಸಿಗೆ ಸಾಕಾಗತೈತಿ.”

ಅವಳು ಗೋಡೆಯ ಕಡೆ ತಿರುಗಿ ಅತ್ತಳು. ಅವನನ್ನು ಮಾತ್ರ ಕೆಳಗಿಳಿಸಲಿಲ್ಲ.